ಸದ್ದಣ್ಣ ಮುಖ್ಯ ಅತಿಥಿಯಾದ ಸಂಜೆ

ಸದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಗರಸಭೆಯ ಸದ್ದು ನಿಯಂತ್ರಣ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದಕ್ಕೆ ಕಚೇರಿಯವರು ಇಟ್ಟದ್ದು. ಎಲ್ಲಿ ಗದ್ದಲ ಜಾಸ್ತಿಯಾಯಿತೆಂದು ದೂರು ಬರುತ್ತದೋ ಅಲ್ಲಿಗೆ ಹೋಗಿ, ಅಂಗೈಯಗಲದ ಮೀಟರನ್ನು ಎತ್ತಿ ಹಿಡಿದು, ಮುಳ್ಳು ಎಷ್ಟು ತೋರಿಸುತ್ತದೆಂದು ಬರೆದುಕೊಂಡು ಬರುವುದು ಅವನ ಕೆಲಸ. ಹಿಟ್ಟಿನ ಗಿರಣಿ, ಬೊಗಳುವ ನಾಯಿ, ಜನರೇಟರು, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಅವನ ಬಳಿ ಒಂದೊಂದು ಅಂಕಿಯಿತ್ತು. ಇಷ್ಟರಲ್ಲೇ ಸುಖವಾಗಿದ್ದವನು ಮನೆಯ ಬಾಗಿಲಿಗೊಂದು ಹೆಸರಿನ ಹಲಗೆ ಹಾಕಿಸಲು ಹೋದ. ಮನುಷ್ಯನಿಗೆ ಸುಖ ಜೀರ್ಣವಾಗುವುದಿಲ್ಲ.

ಹಲಗೆ ಬರೆಯುವವನು ಕುಂಚ ಅದ್ದಿಕೊಂಡು, "ಹೆಸರಿನ ಕೆಳಗೆ ಏನು ಬರೀಲಿ ಸಾರ್?" ಎಂದ.

"ನಗರಸಭೆ ಸದ್ದು ನಿಯಂತ್ರಣ ವಿಭಾಗದ ಎರಡನೇ ದರ್ಜೆ ಗುಮಾಸ್ತ."

"ಅಷ್ಟು ಬರೆದ್ರೆ ಪಕ್ಕದ ಮನೆ ಬಾಗಿಲಿಗೂ ಹೋಗತ್ತೆ. ಚಿಕ್ಕದಾಗಿ ಹೇಳಿ."

"ಹಾಗಾದ್ರೆ ಧ್ವನಿ ತಜ್ಞ ಅಂತ ಬರೆದುಬಿಡಿ."

ಜೊತೆಗೆ ಬಂದಿದ್ದ ಭಾವಮೈದುನ ತಡೆದ. ಅವನದು ಹಾಸಿಗೆ ಅಂಗಡಿ. ಹತ್ತಿಯ ಹಾಸಿಗೆಯನ್ನು ಮೋಡದ ಹಾಸಿಗೆಯೆಂದು ಮಾರುವಷ್ಟು ಮಾತು ಬಲ್ಲವನು. "ಭಾವ, ಧ್ವನಿ ಅಂದ್ರೆ ಮೈಕು ಬಾಡಿಗೆಗೆ ಕೊಡೋರು ಅಂದ್ಕೋತಾರೆ. ನಾದ ಅನ್ನಿ. ಒತ್ತಕ್ಷರ ಇಲ್ಲ, ಜಾಗಾನೂ ಉಳಿಯತ್ತೆ."

ಹೀಗೆ ಒಂದು ಒತ್ತಕ್ಷರದ ಉಳಿತಾಯಕ್ಕಾಗಿ ನಮ್ಮ ಸದ್ದಣ್ಣ ನಾದ ತಜ್ಞನಾದ.

ಹಲಗೆ ನೋಡಿದ ಹೆಂಡತಿ, "ಇದು ಯಾರ ಮನೆದು?" ಎಂದು ಕೇಳಿ ಒಳಗೆ ಹೋದಳು. ಮಿಕ್ಕವರು ಅಷ್ಟು ಸುಲಭವಾಗಿ ಬಿಡಲಿಲ್ಲ. ಎದುರು ಮನೆಯ ಅಜ್ಜಿ ತನ್ನ ಗೋಡೆ ಗಡಿಯಾರ ಶ್ರುತಿ ತಪ್ಪಿದೆಯೇ ನೋಡಬೇಕೆಂದು ಹಿಡಿದುಕೊಂಡು ಬಂದರು. ಸದ್ದಣ್ಣ ಗಂಭೀರವಾಗಿ ಕಿವಿಗೊಟ್ಟು ಕೇಳಿ, "ಸ್ವಲ್ಪ" ಅಂದ. ಅದು ಮೊದಲ ತಪ್ಪು. ಎರಡನೆಯದು ಮುಂದಿನ ಭಾನುವಾರ ಮೆಟ್ಟಿಲು ಹತ್ತಿ ಬಂತು.

ಬಂದವರು ಕೆಳಗಿನ ಮನೆಯ ಕನ್ನಡಕದಂಗಡಿಯವರು. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಗಾಜು ತಿಕ್ಕುವ ಯಂತ್ರ. ಮೂವತ್ತು ವರ್ಷದಿಂದ ಯಾರನ್ನು ಮಾತಾಡಿಸಿದರೂ ಅವರು ನೋಡುತ್ತಿದ್ದುದು ಕಣ್ಣನ್ನೇ ಹೊರತು ಮನುಷ್ಯನನ್ನಲ್ಲ. ಸದ್ದಣ್ಣನ ಎಡಗಣ್ಣನ್ನೇ ನೋಡುತ್ತ ಶುರುಮಾಡಿದರು.

"ಮಗಳ ವಿಷಯ ಸಾರ್. ಇಸ್ತ್ರಿ ಮಾಡೋ ಹಲಗೆಗೆ ತಂತಿ ಬಿಗಿದಿದಾಳೆ. ಅದನ್ನ ಮೀಟ್ತಾಳೆ, ಉಜ್ಜುತಾಳೆ, ಕೆಲವು ಸಲ ಅದರ ಜೊತೆ ಸುಮ್ಮನೆ ಕೂತಿರ್ತಾಳೆ. ಏನಮ್ಮಾ ಇದು ಅಂದ್ರೆ ಸಂಗೀತ ಅಂತಾಳೆ. ನನ್ನ ಷರಟು ನೋಡಿ."

ಷರಟು ನಿಜಕ್ಕೂ ಮುದುಡಿತ್ತು.

"ಕಣ್ಣಿನ ಕಾಲೇಜಲ್ಲಿ ಸೀಟು ಸಿಕ್ಕಿದೆ. ಮುಂದಿನ ಸೋಮವಾರ ಸೇರ್ಬೇಕು. ಇವಳು ಒಂದು ವರ್ಷ ಬೇಕು ಅಂತ ಹಟ. ಶನಿವಾರ ಸಂಜೆ ಹಳೇ ಗೋದಾಮಲ್ಲಿ ಹೊಸಬರದೆಲ್ಲ ಕಛೇರಿಯಂತೆ, ಅದರಲ್ಲಿ ಇವಳದೂ ಇದೆ. ಕೊನೆಗೆ ಒಂದು ಒಪ್ಪಂದ ಮಾಡ್ಕೊಂಡ್ವಿ. ಗೊತ್ತಿರೋರು ಒಬ್ಬರು ಕೂತು ಕೇಳಿ, ಇದರಲ್ಲಿ ಏನೋ ಇದೆ ಅಂದ್ರೆ ವರ್ಷ ಅವಳದು. ಇಲ್ಲ ಅಂದ್ರೆ ಸೋಮವಾರ ಕಾಲೇಜು. ಗೊತ್ತಿರೋರನ್ನ ಊರೆಲ್ಲ ಹುಡುಕಿದ್ವಿ. ನೀವು ನೋಡಿದ್ರೆ ನಮ್ಮ ತಲೆ ಮೇಲೇ ಇದೀರ."

ಸದ್ದಣ್ಣ ಬಾಯಿ ತೆರೆದ. 'ನಾನು ಗುಮಾಸ್ತ' ಎಂಬ ಎರಡು ಪದ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಟೀ ಕುಡಿಯುತ್ತ ಕೂತಿದ್ದ ಭಾವಮೈದುನ, "ಭಾವನಿಗೆ ಪುರುಸೊತ್ತು ಕಮ್ಮಿ. ಆದ್ರೂ ನಿಮಗೋಸ್ಕರ ಬರ್ತಾರೆ" ಎಂದುಬಿಟ್ಟ.

"ನೋಡೋಣ" ಎಂದ ಸದ್ದಣ್ಣ. ಇಲ್ಲ ಎನ್ನಲು ಧೈರ್ಯವಿಲ್ಲದವರು ಕಂಡುಹಿಡಿದ ಪದ ಅದು. ಕೇಳಿಸಿಕೊಂಡವರಿಗೆ ಮಾತ್ರ ಅದು ಯಾವತ್ತೂ ಹೂಂ ಎಂದೇ ಕೇಳಿಸುತ್ತದೆ.

ಎರಡು ದಿನದಲ್ಲಿ ಬೀದಿಯ ಮೂಲೆಯಲ್ಲಿ ಭಿತ್ತಿಪತ್ರ ಬಿತ್ತು: 'ಹೊಸ ಸದ್ದು: ಹೊಸಬರ ಸಂಗೀತ ಸಂಜೆ.' ಅಡಿಯಲ್ಲಿ, ಮುಖ್ಯ ಅತಿಥಿ, ನಾದ ತಜ್ಞ ಎಂದು ಅವನ ಹೆಸರು. ಹೆಂಡತಿ ಅದನ್ನು ಓದಿ ಬಂದು ಎದುರು ಕೂತಳು.

"ರೀ, ಶ್ರುತಿ ಅಂದ್ರೆ ಏನು?"

"ಅದೇ, ಗಡಿಯಾರದಲ್ಲಿ ಇರುತ್ತಲ್ಲ."

"ಈಗಲೇ ಕೆಳಗೆ ಹೋಗಿ ನಿಜ ಹೇಳಿ ಬನ್ನಿ. ಒಂದು ಹುಡುಗಿ ಬಾಳಿನ ವಿಷಯ ಇದು."

ಸದ್ದಣ್ಣ ಹೋದ. ಮೆಟ್ಟಿಲ ತಿರುವಿನಲ್ಲಿ ಆ ಹುಡುಗಿಯೇ ಸಿಕ್ಕಳು. ಕಂಕುಳಲ್ಲಿ ತಂತಿಯ ಸುರುಳಿ, ಬೆರಳಿಗೆಲ್ಲ ಬ್ಯಾಂಡೇಜು ಪಟ್ಟಿ. ಇವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮಾತಾಡಿದಳು.

"ಅಂಕಲ್, ಒಂದು ಮಾತು. ಕೆಳಗಿನ ಮನೆಯವಳು ಪಾಪ ಅಂತ ಚೆನ್ನಾಗಿದೆ ಅನ್ಬೇಡಿ. ಸ್ನೇಹಿತರು ಚೆನ್ನಾಗಿದೆ ಅಂತಾರೆ, ಅವರು ಯಾವುದಕ್ಕೆ ಬೇಕಾದ್ರೂ ಹಾಗೇ ಅಂತಾರೆ. ಅಪ್ಪ ಕೇಳಿಸ್ಕೊಳ್ಳೋದೇ ಇಲ್ಲ. ನನಗೂ ರಾತ್ರಿ ಎಲ್ಲ ಅನುಮಾನ. ನಿಜವಾಗ್ಲೂ ಗೊತ್ತಿರೋರು ಒಬ್ಬರು, ಇದೆ ಅಥವಾ ಇಲ್ಲ, ಅಷ್ಟು ಹೇಳಿದ್ರೆ ಸಾಕು. ಇಲ್ಲ ಅಂದ್ರೂ ಬೇಜಾರಿಲ್ಲ."

ಸದ್ದಣ್ಣ ಅವಳ ಪಟ್ಟಿ ಸುತ್ತಿದ ಬೆರಳುಗಳನ್ನು ನೋಡಿದ. ತಲೆಯಾಡಿಸಿದ. ಮೇಲೆ ಬಂದ.

"ಹೇಳಿದ್ರಾ?" ಎಂದಳು ಹೆಂಡತಿ.

"ಹೇಳೋಕೆ ಹೋದೆ. ಕೇಳ್ಕೊಂಡು ಬಂದೆ."

ಶುಕ್ರವಾರ ಕಚೇರಿಯಲ್ಲಿ ಮೇಲಧಿಕಾರಿ ಕೂಗಿ ಕರೆದರು. ಸದ್ದು ನಿಯಂತ್ರಣ ವಿಭಾಗದ ಮುಖ್ಯಸ್ಥರ ಮೆಲುದನಿ ಎಪ್ಪತ್ತೆಂಟು ಡೆಸಿಬೆಲ್. ಸದ್ದಣ್ಣ ಒಮ್ಮೆ ಮೇಜಿನಡಿ ಮೀಟರಿಟ್ಟು ಅಳೆದಿದ್ದ.

"ಇನ್ನೂ ಆಗದೇ ಇರೋ ಸದ್ದಿನ ಮೇಲೆ ದೂರು ಬಂದಿದೆ ಕಣ್ರೀ. ನನ್ನ ಸರ್ವೀಸಲ್ಲೇ ಮೊದಲು. ನಾಳೆ ಸಂಜೆ ಹಳೇ ಗೋದಾಮಲ್ಲಿ ಭಯಂಕರ ಗದ್ದಲ ಆಗತ್ತಂತೆ, ಮೊದಲೇ ನಿಲ್ಲಿಸಬೇಕಂತೆ. ಸಹಿ 'ನೊಂದ ನಿವಾಸಿ'. ಓದಿ ನೋಡಿ."

ಸದ್ದಣ್ಣ ಕಾಗದ ನೋಡಿದ. ಮೊದಲ ಸಾಲಿನ ಅಕ್ಷರ ಮುಷ್ಟಿಯಷ್ಟು ದೊಡ್ಡದು. ಎರಡನೆಯದು ಅದರರ್ಧ. ಹಾಗೇ ಇಳಿಯುತ್ತ ಇಳಿಯುತ್ತ ಕೊನೆಯ ಸಾಲು ಇರುವೆಯ ಸಾಲಾಗಿತ್ತು. ಅದನ್ನು ಓದುವಾಗ ಮೇಲಧಿಕಾರಿಯೂ ತಮಗರಿವಿಲ್ಲದೆ ಒಂದು ಕಣ್ಣು ಮುಚ್ಚಿಕೊಂಡಿದ್ದರು. ಊರಿನಲ್ಲಿ ಹೀಗೆ ಬರೆಯುವ ಕೈ ಒಂದೇ. ಒಪ್ಪಂದದಲ್ಲಿ ಸೋತರೆ ಇರಲಿ ಎಂದು ಕನ್ನಡಕದಂಗಡಿಯವರು ನಗರಸಭೆಯ ಕಡೆಯಿಂದಲೂ ಒಂದು ಕಲ್ಲೆಸೆದಿದ್ದರು.

"ನೀವೇ ಹೋಗಿ" ಎಂದರು ಮೇಲಧಿಕಾರಿ. "ಸರಾಸರಿ ಅರವತ್ತೈದು ದಾಟಿದ್ರೆ ಅಲ್ಲೇ ನಿಲ್ಲಿಸಿ. ವರದಿಗೆ ದೂರುದಾರರ ಸಹಿ ಹಾಕಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಕಡತ ಮುಗಿಯಲ್ಲ."

"ದೂರುದಾರರ ಹೆಸರೇ ಇಲ್ವಲ್ಲ ಸಾರ್."

"ಹುಡುಕ್ರೀ. ನಗರಸಭೆ ಅಂದ್ರೆ ಏನು ಅಂದ್ಕೊಂಡ್ರಿ."

ಯಾವ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಯೋ ಅದನ್ನೇ ನಿಲ್ಲಿಸಲು ಆದೇಶ ಪಡೆದ ಇನ್ನೊಬ್ಬ ಮನುಷ್ಯ ಚರಿತ್ರೆಯಲ್ಲಿ ಇದ್ದಾನೋ ಇಲ್ಲವೋ, ನಮಗೆ ತಿಳಿಯದು. ಸದ್ದಣ್ಣ ಅಂದು ಊಟ ಬಿಟ್ಟ. ಭಾವಮೈದುನ ಬಂದು ಧೈರ್ಯ ತುಂಬಿದ. "ಭಾವ, ಕಣ್ಣು ಮುಚ್ಚಿ ಕೂತ್ಕೊಳ್ಳಿ. ಆಗಾಗ ತಲೆ ಅಲ್ಲಾಡಿಸಿ, ಹೌದೋ ಅಲ್ವೋ ಗೊತ್ತಾಗದ ಹಾಗೆ. ಕೊನೇಲಿ 'ಪ್ರಯತ್ನದಲ್ಲಿ ಒಂದು ಹುಡುಕಾಟ ಇದೆ' ಅನ್ನಿ. ಯಾರೂ ಏನೂ ಕೇಳಲ್ಲ."

ಶನಿವಾರ ಸಂಜೆ ಐದಕ್ಕೆ ಗೋದಾಮು ತುಂಬಿತ್ತು. ನೂರಿಪ್ಪತ್ತು ಕುರ್ಚಿ, ಒಂದೊಂದೂ ಒಂದೊಂದು ಮನೆಯಿಂದ ಬಂದದ್ದು, ಒಂದೊಂದೂ ಒಂದೊಂದು ರೀತಿ ಕಿರುಗುಟ್ಟುವಂಥದ್ದು. ಭಾವಮೈದುನ ಹಾಸಿಗೆ ಅಂಗಡಿಯ ಗಿರಾಕಿಗಳನ್ನೆಲ್ಲ ಕರೆತಂದು ಎರಡನೇ ಸಾಲಿನಲ್ಲಿ ಕೂರಿಸಿದ್ದ. ಮುಂದಿನ ಸಾಲಿನ ನಡುವೆ ಸದ್ದಣ್ಣ. ಬಲಕ್ಕೆ ಹೆಂಡತಿ, ಎಡಕ್ಕೆ ಕೈಕಟ್ಟಿ ಕೂತ ಕನ್ನಡಕದಂಗಡಿಯವರು. ಸದ್ದಣ್ಣನ ತೊಡೆಯ ಮೇಲೆ ಮೀಟರು, ಜೇಬಿನಲ್ಲಿ ಕಾರ್ಯಕ್ರಮ ನಿಲ್ಲಿಸುವ ನೋಟೀಸು.

ಮೊದಲು ಬಂದದ್ದು ಮೂವರ ತಂಡ. ಮೂವರೂ ಗ್ಯಾರೇಜಿನಲ್ಲಿ ಬಸ್ಸಿನ ಮೈ ಬಡಿಯುವವರು. ಆಳೆತ್ತರದ ತಗಡೊಂದನ್ನು ತೂಗುಹಾಕಿ, ಒಬ್ಬ ಬಗ್ಗಿಸಿದ, ಒಬ್ಬ ಬಡಿದ, ಇನ್ನೊಬ್ಬ ಅದಕ್ಕೆ ಮುಖವಿಟ್ಟು ಹಾಡಿದ. ಮೀಟರಿನ ಮುಳ್ಳು ತೊಂಬತ್ತಕ್ಕೆ ಹೋಗಿ ಅಲ್ಲೇ ಆತುಕೊಂಡಿತು.

ಕನ್ನಡಕದಂಗಡಿಯವರು ಮೀಟರಿನ ಕಡೆ ನೋಡಿ, "ಜಾಸ್ತಿ ಅಲ್ವಾ ಸಾರ್?" ಎಂದು ಕೂಗಿದರು.

ಕರ್ತವ್ಯ ಕರ್ತವ್ಯವೇ. ಸದ್ದಣ್ಣ ನೋಟೀಸಿಗೆ ಕೈಹಾಕಿ ಎದ್ದುನಿಂತ. ಮುಖ್ಯ ಅತಿಥಿ ಎದ್ದು ಗೌರವ ಸೂಚಿಸುತ್ತಿದ್ದಾರೆಂದು ತಿಳಿದು ಭಾವಮೈದುನ ಎದ್ದ. ಅವನ ಗಿರಾಕಿಗಳು ಎದ್ದರು. ಒಂದು ಕ್ಷಣದಲ್ಲಿ ಗೋದಾಮಿಗೆ ಗೋದಾಮೇ ಎದ್ದುನಿಂತು ಚಪ್ಪಾಳೆ ತಟ್ಟಿತು. ತಗಡಿನ ತಂಡಕ್ಕೆ ಜೀವನದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಬಡಿಯುವವನ ಕಣ್ಣಲ್ಲಿ ನೀರು ಬಂತು, ಇನ್ನೂ ಜೋರಾಗಿ ಬಡಿದ. ಸದ್ದಣ್ಣ ಕೂತ. ಎಲ್ಲರೂ ಕೂತರು.

ಆಗ ಅವನಿಗೆ ನಿಯಮ ನೆನಪಾಯಿತು. ನೋಡಬೇಕಾದದ್ದು ಇಡೀ ಸಂಜೆಯ ಸರಾಸರಿ. ಅವನು ಕಣ್ಣು ಮುಚ್ಚಿ, ಮುಂದಿನವರು ಮೆಲ್ಲಗೆ ನುಡಿಸುವಂಥವರಾಗಲಿ ಎಂದು ಬೇಡಿಕೊಂಡ. ನಾದ ತಜ್ಞರು ತನ್ಮಯರಾಗಿದ್ದಾರೆಂದು ಹಿಂದಿನ ಸಾಲಿನಲ್ಲಿ ಪಿಸುಮಾತು ಹಬ್ಬಿತು.

ಮುಂದಿನವರು ನಿವೃತ್ತ ಅಂಚೆಯವರು. ವೇದಿಕೆಯಲ್ಲಿ ಒಂದು ಸ್ಟೌ ಹಚ್ಚಿ, ಅದರ ಮೇಲೆ ಕೆಟಲ್ ಇಟ್ಟು, ಪಕ್ಕದಲ್ಲಿ ಮೈಕು ನಿಲ್ಲಿಸಿ, ಕೈಮುಗಿದು ಕೂತರು. ನೀರು ಕಾಯುವುದೇ ಸಂಗೀತ. ಹದಿನಾಲ್ಕು ನಿಮಿಷ. ಜನ ಕೆಮ್ಮಿದರು, ಕುರ್ಚಿ ಕಿರುಗುಟ್ಟಿದವು, ಹಾಸಿಗೆ ಗಿರಾಕಿಯೊಬ್ಬರು ಸಕ್ಕರೆ ಬೇಡವೆಂದು ಪಕ್ಕದವರಿಗೆ ಹೇಳಿದರು. ಆದರೂ ಮುಳ್ಳು ಐವತ್ತರಲ್ಲಿ ನಿಂತಿತು. ಸದ್ದಣ್ಣ ಬೆರಳು ಮಡಿಸಿ ಲೆಕ್ಕ ಹಾಕುತ್ತ, ಕೆಟಲ್ ನಿಧಾನವಾಗಿ ಕಾಯಲೆಂದು ಹಾರೈಸಿದ ಪ್ರಪಂಚದ ಏಕೈಕ ಮನುಷ್ಯನಾದ. ಆಮೇಲೆ ಆಸ್ಪತ್ರೆಯ ದಾದಿಯೊಬ್ಬರು ರೋಗಿಗಳನ್ನು ಮಲಗಿಸಲು ತಾವೇ ಕಟ್ಟಿದ ಹಾಡು ಹಾಡಿದರು. ಎರಡನೇ ಸಾಲಿನಲ್ಲಿ ಮೂವರು ನಿದ್ದೆ ಹೋದರು. ಸರಾಸರಿ ಅರವತ್ತೈದರಿಂದ ಒಂದು ಕೂದಲು ಕೆಳಗಿಳಿಯಿತು.

ಕೊನೆಯದು ಅವಳ ಸರದಿ.

ಇಸ್ತ್ರಿ ಹಲಗೆಯನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ಸಣ್ಣ ಟೇಪು ಹಚ್ಚಿದಳು. ಟೇಪಿನಿಂದ ಗರ್ ಎಂದು ತೆಳುವಾದ ಒಂದು ಸದ್ದು ಬಂತು. ಕನ್ನಡಕದಂಗಡಿಯವರು ಕಟ್ಟಿದ ಕೈ ಬಿಚ್ಚಿದರು. ಅದು ಅವರ ಗಾಜು ತಿಕ್ಕುವ ಯಂತ್ರ. ಅದರ ಮೇಲೆ ಅವಳು ತಂತಿ ಮೀಟುತ್ತ ಹೋದಳು. ಯಂತ್ರ ಏರಿದಂತೆ ತಂತಿ ಏರಿತು, ಯಂತ್ರ ಉಜ್ಜಿದಂತೆ ತಂತಿ ಉಜ್ಜಿತು. ಹೀಗೆ ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ ಎರಡನ್ನೂ ನಿಲ್ಲಿಸಿ ಕೈ ಮೇಲೆತ್ತಿದಳು.

ಸದ್ದಣ್ಣ ಮೀಟರು ನೋಡಿದ. ಇಪ್ಪತ್ತೊಂಬತ್ತು.

ಕೆಟ್ಟುಹೋಯಿತೆಂದು ಮೀಟರನ್ನು ಅಲುಗಿಸಿದ. ಆ ಅಲುಗಿದ ಸದ್ದಿಗೆ ಹೆಂಡತಿ ತಿರುಗಿ ಕೆಕ್ಕರಿಸಿದಳು. ಅವನು ಹಿಂದೆ ನೋಡಿದ. ಹೆಂಡತಿಯೊಬ್ಬಳೇ ಅಲ್ಲ, ಸಾಲುಸಾಲು ಜನ ಕೆಕ್ಕರಿಸಿದ್ದರು. ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಕೆಮ್ಮು ಬಂದವನೊಬ್ಬ ಬಾಯಿಗೆ ಮುಷ್ಟಿ ತುರುಕಿಕೊಂಡಿದ್ದ. ತಂತಿ ಮತ್ತೆ ಶುರುವಾದಾಗ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು. ಎರಡನೇ ಸಲ ಕೈ ಎತ್ತಿದಳು, ಇಪ್ಪತ್ತೊಂಬತ್ತು. ಮೂರನೇ ಸಲವೂ ಇಪ್ಪತ್ತೊಂಬತ್ತೇ. ಮೂರನೇ ಸಲ ಅವಳು ಕೈ ಇಳಿಸಲೇ ಇಲ್ಲ. ಮುಗಿದಿತ್ತು.

ಚಪ್ಪಾಳೆ ತಣ್ಣಗಾಗುವ ಮೊದಲೇ ವ್ಯವಸ್ಥಾಪಕರು ಮೈಕು ಹಿಡಿದು ನಾದ ತಜ್ಞರನ್ನು ವೇದಿಕೆಗೆ ಕರೆದರು. ಹುಡುಗಿ ಹಲಗೆಯ ಪಕ್ಕದಲ್ಲೇ ನಿಂತಿದ್ದಳು. ಸದ್ದಣ್ಣ ಹತ್ತಿದ. "ಪ್ರಯತ್ನದಲ್ಲಿ ಒಂದು" ಎಂದು ಶುರುಮಾಡಿ, ಅವಳ ಬೆರಳಿನ ಪಟ್ಟಿ ಕಣ್ಣಿಗೆ ಬಿದ್ದು ನಿಲ್ಲಿಸಿದ.

"ನಾನು ನಾದ ತಜ್ಞ ಅಲ್ಲ" ಎಂದ. "ನಗರಸಭೆ ಗುಮಾಸ್ತ. ಹಲಗೆ ಚಿಕ್ಕದಿತ್ತು, ನನಗೂ ಸ್ವಲ್ಪ ಆಸೆ ಇತ್ತು."

ಎರಡನೇ ಸಾಲಿನಲ್ಲಿ ಭಾವಮೈದುನ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದ. ಎದುರು ಮನೆಯ ಅಜ್ಜಿ, "ಹಾಗಾದ್ರೆ ನನ್ನ ಗಡಿಯಾರ?" ಎಂದರು.

"ಗಡಿಯಾರ ಸರಿಯಾಗಿದೆ ಅಜ್ಜಿ. ನನಗೆ ಸಂಗೀತ ಗೊತ್ತಿಲ್ಲ. ಸದ್ದು ಗೊತ್ತು, ಹತ್ತೊಂಬತ್ತು ವರ್ಷದಿಂದ ಅದನ್ನೇ ಅಳೀತಿದೀನಿ. ಗ್ರಂಥಾಲಯದಲ್ಲಿ ನಲವತ್ತೈದು, ಅದರಲ್ಲಿ ಅರ್ಧ 'ಸುಮ್ಮನಿರಿ' ಅನ್ನೋರದು. ಸ್ಮಶಾನದಲ್ಲಿ ಮೂವತ್ನಾಲ್ಕು. ಇಲ್ಲಿ ಬದುಕಿರೋರು ನೂರಿಪ್ಪತ್ತು ಜನ ಇದೀರ. ಈ ಮಗು ಕೈ ಎತ್ತಿದಾಗ ಇಪ್ಪತ್ತೊಂಬತ್ತಕ್ಕೆ ಇಳೀತು, ಒಂದು ಸಲ ಅಲ್ಲ, ಮೂರು ಸಲ. ಮನುಷ್ಯರು ಇಷ್ಟು ಸುಮ್ಮನಿದ್ದದ್ದನ್ನ ನಾನು ಎಲ್ಲೂ ಬರೆದುಕೊಂಡಿಲ್ಲ. ಯಾಕೆ ಹೀಗಾಯ್ತು ಅಂತ ಹೇಳೋಕೆ ತಜ್ಞರು ಬೇಕು. ಆದದ್ದು ನಿಜ ಅಂತ ನಾನು ಬರೆದುಕೊಡ್ತೀನಿ."

ಅವನು ಇಳಿದು ಬಂದು ಕೂತ. ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಜನ ಎದ್ದು ಚದುರುತ್ತಿದ್ದಂತೆ ಹುಡುಗಿ ಕೆಳಗಿಳಿದು ಸದ್ದಣ್ಣನ, ಅಪ್ಪನ ಮುಂದೆ ಬಂದಳು.

"ಥ್ಯಾಂಕ್ಸ್ ಅಂಕಲ್. ಆದ್ರೆ ಗೊತ್ತಿರೋರು ಹೇಳ್ಬೇಕು ಅಂತ ತಾನೇ ಇದ್ದದ್ದು. ಮಾತು ಅಂದ್ರೆ ಮಾತು. ಸೋಮವಾರ ಹೋಗ್ತೀನಪ್ಪ." ಹೇಳಿ, ಹಲಗೆ ಬಿಚ್ಚಲು ಹೋದಳು.

ಕನ್ನಡಕದಂಗಡಿಯವರು ಗೆದ್ದಿದ್ದರು. ಗೆದ್ದವರ ಮುಖ ಹಾಗಿರಲಿಲ್ಲ.

ಸದ್ದಣ್ಣ ವರದಿಯ ಹಾಳೆ ತೆಗೆದು, ತಗ್ಗಿದ ದನಿಯಲ್ಲಿ, "ಒಂದು ಸಹಿ ಬೇಕಿತ್ತು. ದೂರುದಾರರದು" ಎಂದ.

"ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ಕೊನೇ ಸಾಲು ಓದೋಕಾಗ್ಲಿಲ್ಲ ಸಾರ್."

ಅವರು ಮಗಳ ಕಡೆ ಒಮ್ಮೆ ನೋಡಿದರು. ಅವಳು ತಂತಿ ಸುತ್ತುತ್ತಿದ್ದಳು. "ಅವಳಿಗೆ ಹೇಳ್ತೀರಾ?"

"ನಗರಸಭೆ ಕಡತ ಮನೆಯವರಿಗೆ ತೋರಿಸೋ ಹಾಗಿಲ್ಲ."

ಅವರು ಹಾಳೆ ತಗೊಂಡರು. ಅಂಕಿಗಳನ್ನು ನಿಧಾನವಾಗಿ ಓದಿ, ಇಪ್ಪತ್ತೊಂಬತ್ತರ ಮೇಲೆ ಬೆರಳಿಟ್ಟು ಕೂತರು.

"ಗಾಜು ಸರಿಯಾಯ್ತಾ ನೋಡೋಕೆ ನಾನು ಯಂತ್ರ ನಿಲ್ಲಿಸ್ತೀನಿ. ಬೆಳಕಿಗೆ ಹಿಡೀತೀನಿ. ಆವಾಗ ಉಸಿರಾಡಲ್ಲ, ಗಾಜಿಗೆ ಆವಿ ಹತ್ತತ್ತೆ ಅಂತ. ಅದು ನನಗೇ ಗೊತ್ತಿರ್ಲಿಲ್ಲ ಸಾರ್. ಇವತ್ತು ಅವಳು ಕೈ ಎತ್ತಿದಾಗ ಗೊತ್ತಾಯ್ತು. ಸರಿಯಾಗಿ ಅಷ್ಟೇ ಹೊತ್ತು ನಿಲ್ಲಿಸಿದಾಳೆ. ಚಿಕ್ಕವಳಿದ್ದಾಗ ಯಂತ್ರದ ಪಕ್ಕ ಕೂತಿರ್ತಿದ್ಳು. ಗಾಜು ನೋಡ್ತಿದಾಳೆ ಅಂದ್ಕೊಂಡಿದ್ದೆ."

ಸಹಿ ಹಾಕಿದರು. ಎದ್ದು ಹೋಗಿ ಇಸ್ತ್ರಿ ಹಲಗೆಯ ಒಂದು ತುದಿ ಹಿಡಿದರು.

"ಗೊತ್ತಿರೋರು ಒಬ್ಬರು ಕೇಳ್ಬೇಕಿತ್ತು ಅಲ್ವಾ?" ಎಂದರು ಮಗಳಿಗೆ. "ಆ ಯಂತ್ರದ ಸದ್ದು ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಕೇಳಿದೆ. ಇದೆ. ಒಂದು ವರ್ಷ ತಗೋ. ಕಾಲೇಜಿನವರ ಹತ್ತಿರ ನಾನು ಮಾತಾಡ್ತೀನಿ."

ಹುಡುಗಿ ಅಪ್ಪನನ್ನು ನೋಡಿದಳು. ಅವರೂ ಅವಳನ್ನು ನೋಡಿದರು, ಕಣ್ಣನ್ನಲ್ಲ, ಅವಳನ್ನು. ಆಮೇಲೆ ಅವಳು ಇನ್ನೊಂದು ತುದಿ ಹಿಡಿದು, "ತಂತಿ ಮೇಲೆ ಕೈ ಇಡ್ಬೇಡಪ್ಪ" ಎಂದಳು.

ಹೊರಗೆ ಇನ್ನೂ ಕತ್ತಲಾಗಿರಲಿಲ್ಲ. ಅಪ್ಪ ಮಗಳು ಹಲಗೆ ಹೊತ್ತುಕೊಂಡು ಮುಂದೆ ಹೋದರು; ಮೂಲೆ ತಿರುಗುವಾಗ ಯಾವ ಕಡೆಯಿಂದ ತಿರುಗಿಸಬೇಕೆಂದು ಇಬ್ಬರಿಗೂ ವಾದ ನಡೆಯುತ್ತಿತ್ತು. ಭಾವಮೈದುನ ಆಗಲೇ ಸುಧಾರಿಸಿಕೊಂಡು, ತನ್ನ ಭಾವ ಮೌನದ ವಿಷಯದಲ್ಲಿ ಎಂಥ ಪಂಡಿತರೆಂದು ಗಿರಾಕಿಗಳಿಗೆ ವಿವರಿಸುತ್ತ ಬೇರೆ ದಾರಿ ಹಿಡಿದಿದ್ದ.

ಸದ್ದಣ್ಣ ಹೆಂಡತಿಯ ಜೊತೆ ನಿಧಾನವಾಗಿ ನಡೆದ. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಮೈ ಹಗುರಾಗಿತ್ತು. ಹಸಿವೂ ಆಗುತ್ತಿತ್ತು. ನಡೆಯುತ್ತ ನಡೆಯುತ್ತ ಅವನ ಗಂಟಲಿನಿಂದ, ಯಾವ ರಾಗಕ್ಕೂ ಸೇರದ, ಯಾವ ತಾಳಕ್ಕೂ ಸಿಗದ ಏನೋ ಒಂದು ಹೊರಟಿತು. ಹುಟ್ಟಿದಾರಭ್ಯ ಅವನು ಗುನುಗಿದವನಲ್ಲ. ತಾನೇ ಗಾಬರಿಯಾಗಿ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

ಅವಳು ಬೀದಿಯ ಆ ಕಡೆ ಈ ಕಡೆ ನೋಡಿದಳು.

"ಹಾಡಿ, ಪರವಾಗಿಲ್ಲ" ಎಂದಳು. "ಯಾರೂ ಇಲ್ಲ."